ಕೆಲಸದಿಂದ ತೆಗೆದ್ರ, ಕೆಲಸದಾಗ ಪೆಟ್ಟಾದ್ರ: ನಮ್ಮ ಕಡೆ ಕಾರ್ಮಿಕರು ಪದೇ ಪದೇ ಕೇಳೋ ಪ್ರಶ್ನೆಗಳು

ಗಿಣಿಗೇರಾ ಸ್ಪಾಂಜ್ ಐರನ್ ಪ್ಲಾಂಟು, ತೋರಣಗಲ್ಲು, ಸಂಡೂರು ಗಣಿ, ಹಟ್ಟಿ, ರಾಯಚೂರು ಜಿನ್ನಿಂಗ್ ಮಿಲ್ಲು, ಗಂಗಾವತಿ-ಸಿಂಧನೂರು ರೈಸ್ ಮಿಲ್ಲು, ಬಳ್ಳಾರಿ ಜೀನ್ಸ್ ಯೂನಿಟ್ಟು, ಇಲ್ಲೆಲ್ಲ ದುಡಿಯೋರು ಮಾತಿನಾಗ, ಫೋನಿನಾಗ, ಕಾಗದದಾಗ ಕೇಳಿದ್ದನ್ನ ಇಲ್ಲಿ ಕೂಡಿಸೀನಿ. ಪ್ರಶ್ನೆ ಅವರ ಮಾತಿನಾಗೇ ಐತಿ.

ಶುರು ಮಾಡೋಕ ಮುಂಚೆ ಒಂದು ವಿಷಯ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದಾವ. 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಫ್ಯಾಕ್ಟರಿ ಕಾಯ್ದೆ, 1923ರ ಪರಿಹಾರ ಕಾಯ್ದೆ ಎಲ್ಲಾ ಅದರೊಳಗ ಸೇರ್ಯಾವ. ಹೆಸರು, ಸೆಕ್ಷನ್ ನಂಬರ್ ಬದಲಾಗ್ಯಾವ, ಕೆಲವು ಲೆಕ್ಕಾನೂ ಬದಲಾಗ್ಯಾವ, ಆದ್ರ ಹಳೆ ತತ್ವ ಬಹಳಷ್ಟು ಹಂಗೇ ಉಳಿದದ. ಹೊಸ ಕಾನೂನು ಬಂತು, ಇನ್ನ ನಿಮಗ ಏನೂ ಇಲ್ಲ ಅಂತ ಯಾರರ ಹೆದರಿಸಿದ್ರ ನಂಬಬ್ಯಾಡ್ರಿ.

## ಮೊದಲು ಇಷ್ಟು ಗೊತ್ತಿರಲಿ

"ಅಣ್ಣಾ, ನಾಳೆಯಿಂದ ಬರಬ್ಯಾಡ ಅಂತ ಸೂಪರ್‌ವೈಸರ್ ಬಾಯಿಮಾತಲ್ಲೇ ಹೇಳ್ಯಾನ, ಕಾಗದ ಏನೂ ಕೊಟ್ಟಿಲ್ಲ. ಇದು ಕೆಲಸದಿಂದ ತೆಗೆದಂಗ ಆತೇನು?"

ಆತು. ಆದ್ರ ಕಾಗದ ಯಾಕ ಕೊಟ್ಟಿಲ್ಲ ಅನ್ನೋದನ್ನ ವಿಚಾರ ಮಾಡ್ರಿ. ಎರಡು ತಿಂಗಳು ಬಿಟ್ಟು ಕೇಸ್ ಹಾಕಿದ್ರ ಕಂಪನಿ ಹೇಳೋದು ಒಂದೇ ಮಾತು: ನಾವು ತೆಗೆದಿಲ್ಲ, ಅವನೇ ಬಿಟ್ಟು ಹೋದ. ಅದಕ್ಕ ಮರುದಿನಾನೂ ನಿಮ್ಮ ಶಿಫ್ಟಿನ ಟೈಮಿಗೆ ಸರಿಯಾಗಿ ಗೇಟಿಗೆ ಹೋಗ್ರಿ, ಜೊತೆಗೆ ಇನ್ನೊಬ್ಬರನ್ನ ಕರ್ಕೊಂಡು ಹೋದ್ರ ಚಲೋ. ಒಳಗ ಬಿಡಲಿಲ್ಲ ಅಂದ್ರ ಅವತ್ತೇ ಸ್ಪೀಡ್ ಪೋಸ್ಟ್‌ನಾಗ ಒಂದು ಕಾಗದ ಹಾಕ್ರಿ, ಎಚ್ಆರ್ ವಾಟ್ಸಾಪಿಗೂ ಕಳಿಸ್ರಿ. ದೊಡ್ಡ ಭಾಷೆ ಏನೂ ಬ್ಯಾಡ. "ಈ ದಿನ ಬೆಳಿಗ್ಗೆ 6 ಗಂಟೆ ಎ ಶಿಫ್ಟಿಗೆ ಬಂದಿದ್ದೆ, ನಿನ್ನೆ ಸೂಪರ್‌ವೈಸರ್ ಬರಬೇಡ ಅಂದಿದ್ದಾರೆ ಎಂದು ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ, ನಾನು ಕೆಲಸಕ್ಕೆ ತಯಾರಿದ್ದೇನೆ, ಕಾರಣ ಲಿಖಿತವಾಗಿ ತಿಳಿಸಿ." ಇಷ್ಟ ಸಾಕು. ಪೋಸ್ಟ್ ಆಫೀಸಿನ ರಸೀದಿ ಮಾತ್ರ ಕಳಿಬ್ಯಾಡ್ರಿ.

ಇನ್ನೊಂದು, "ಎಂಟು ದಿನ ಬರಲಿಲ್ಲ, ತಾನಾಗೇ ಹೆಸರು ಹೋತು" ಅಂತಾರಲ್ಲ, ಅದೂ ನಡೆಯಂಗಿಲ್ಲ. 1993ರಾಗ ಡಿ.ಕೆ. ಯಾದವ್ ಕೇಸಿನಾಗ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಕಂಪನಿ ಸ್ಟ್ಯಾಂಡಿಂಗ್ ಆರ್ಡರಿನಾಗ (ಅಂದ್ರ ಕಂಪನಿಯ ಕೆಲಸದ ನಿಯಮಾವಳಿಯಾಗ) ಹಂಗ ಬರೆದಿದ್ರೂ ವಿಚಾರಣೆ ಮಾಡದ, ಕೆಲಸಗಾರನ ಮಾತು ಕೇಳದ ಹೆಸರು ಹೊಡೆದು ಹಾಕಂಗಿಲ್ಲ.

"ಅಪಾಯಿಂಟ್‌ಮೆಂಟ್ ಲೆಟರ್ರೇ ಇಲ್ಲ, ನಾ ಅಲ್ಲಿ ದುಡಿದೀನಿ ಅಂತ ಹೆಂಗ ತೋರಿಸ್ಲಿ?"

ಹೊಸ ಸುರಕ್ಷತಾ ಸಂಹಿತೆ ಪ್ರಕಾರ ನೇಮಕಾತಿ ಪತ್ರ ಕೊಡೋದು ಮಾಲೀಕರ ಕರ್ತವ್ಯ. ಕೊಟ್ಟಿಲ್ಲ ಅಂದ್ರ ತಪ್ಪು ಅವರದು, ನಿಮ್ಮದಲ್ಲ. ಪಿಎಫ್ ಪಾಸ್‌ಬುಕ್, ಇಎಸ್ಐ ನಂಬರು, ಪಗಾರ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟು, ಗೇಟ್ ಪಾಸು, ಶಿಫ್ಟ್ ಹಾಕೋ ವಾಟ್ಸಾಪ್ ಗ್ರೂಪಿನ ಮೆಸೇಜು, ಇವೆಲ್ಲಾ ಸಾಕ್ಷಿನೇ. ಗ್ರೂಪಿನಿಂದ ನಿಮ್ಮನ್ನ ತೆಗೆಯೋದು ಮೊದಲನೇ ದಿನಾನೇ ಆಗ್ತದ, ಅದಕ್ಕ ಸ್ಕ್ರೀನ್‌ಶಾಟ್ ಮೊದಲೇ ಇಟ್ಕೋರಿ. ಕಾನೂನಿನಾಗ ಒಂದು ವರ್ಷದ ಕೆಲಸ ಅಂತ ಹಿಡಿಯೋ 240 ದಿನ ದುಡಿದೀನಿ ಅಂತ ತೋರಿಸೋ ಭಾರ ಮೊದಲು ಕಾರ್ಮಿಕನ ಮ್ಯಾಲೇ ಇರ್ತದ. ಆಮೇಲೆ ಹಾಜರಿ ಪುಸ್ತಕ, ಪಗಾರ ರಿಜಿಸ್ಟರ್ ತರಿಸ್ರಿ ಅಂತ ಅರ್ಜಿ ಹಾಕಬೇಕು. ಕಂಪನಿ ತರಲಿಲ್ಲ ಅಂದ್ರ ಕೋರ್ಟು ಅದನ್ನ ಕಂಪನಿ ವಿರುದ್ಧಾನೇ ತಿಳ್ಕೋಬಹುದು.

"ನನಗ ಸೂಪರ್‌ವೈಸರ್ ಅಂತ ಹೆಸರಿಟ್ಟಾರ, ನಾನು ಕಾರ್ಮಿಕ ಅಲ್ಲ ಅಂತಾರ"

ಹೆಸರು ನೋಡಂಗಿಲ್ಲ, ದಿನಾ ಏನು ಕೆಲಸ ಮಾಡ್ತೀರಿ ಅದನ್ನ ನೋಡ್ತಾರ. ನಿಜವಾಗ್ಲೂ ಮೇಲ್ವಿಚಾರಣೆ ಕೆಲಸ ಇದ್ದು ಪಗಾರ ತಿಂಗಳಿಗೆ 18,000 ದಾಟಿದ್ರ ಹೊಸ ಸಂಹಿತೆಯಾಗ ಕಾರ್ಮಿಕ ಅನ್ನಿಸಿಕೊಳ್ಳಂಗಿಲ್ಲ. ಮೊದಲು ಈ ಮಿತಿ 10,000 ಇತ್ತು. ಸೂಪರ್‌ವೈಸರ್ ಅಂತ ಬಿಲ್ಲೆ ಹಾಕ್ಕೊಂಡು ತಾನೇ ಪಾನಾ ಹಿಡಿದು ಮಷೀನ್ ರಿಪೇರಿ ಮಾಡೋನು ಕಾರ್ಮಿಕನೇ.

"ಲೇಬರ್ ಆಫೀಸಿಗೆ ಹೋದ್ರ ಇದು ನಮ್ಮದಲ್ಲ ಅಂತ ವಾಪಸ್ ಕಳಿಸಿದ್ರು. ಮತ್ತ ಯಾರ ಹತ್ರ ಹೋಗ್ಬೇಕು?"

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರು ಜಿಲ್ಲೆಯಾಗ ಜನ ಭಾಳ ಅಡ್ಡಾಡೋದು ಇದಕ್ಕೇ. ಫ್ಯಾಕ್ಟರಿ, ಮಿಲ್ಲು, ಗಾರ್ಮೆಂಟ್ಸ್ ಆದ್ರ ರಾಜ್ಯದ ಕಾರ್ಮಿಕ ಇಲಾಖೆ, ಜಿಲ್ಲಾ ಕೇಂದ್ರದಾಗಿನ ಕಾರ್ಮಿಕ ಅಧಿಕಾರಿ. ಅಲ್ಲಿನ ಸೇಫ್ಟಿ ದೂರು ಆದ್ರ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ. ಗಣಿ ಆದ್ರ ಎರಡೂ ಕೇಂದ್ರ ಸರ್ಕಾರದ್ದು: ಕೆಲಸದ ವಿವಾದಕ್ಕ ಬಳ್ಳಾರಿಯಾಗಿನ ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿ, ಸೇಫ್ಟಿಗೆ ಡಿಜಿಎಂಎಸ್ (ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ), ಅದರ ಬಳ್ಳಾರಿ ರೀಜನ್ ಆಫೀಸೂ ಐತಿ. ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ ಕಂಪನಿ ಆದ್ರೂ ಗಣಿ ಗಣಿನೇ, ಕೇಂದ್ರದ ಕಡೆಗೇ ಹೋಗ್ಬೇಕು. ಎಲ್ಲಿಗೆ ಅಂತ ತಿಳೀಲಿಲ್ಲಂದ್ರ ರಾಜ್ಯ ಕಾರ್ಮಿಕ ಸಹಾಯವಾಣಿ 155214ಕ್ಕ ಕೇಳ್ರಿ. "ನಮ್ಮದಲ್ಲ" ಅಂತ ವಾಪಸ್ ಕಳಿಸೋರ ಹತ್ರ ಅದನ್ನೇ ಅರ್ಜಿ ಮ್ಯಾಲೆ ಬರೆದು ಕೊಡ್ರಿ ಅಂತ ಕೇಳ್ರಿ, ಎಷ್ಟೋ ಸಲ ಆವಾಗ ಅದು ಅವರದೇ ಆಗಿರ್ತದ.

## ಕೆಲಸದಿಂದ ತೆಗೆಯೋ ವಿಚಾರ

"ರೂಮಿನಾಗ ಕೂಡಿಸಿ ರಾಜೀನಾಮೆ ಬರೆಸ್ಕೊಂಡ್ರು, ಈಗೇನು ಮಾಡಾಕ ಆಗ್ತದ?"

ಬಲವಂತದ ರಾಜೀನಾಮೆ ರಾಜೀನಾಮೆ ಅಲ್ಲ, ಆದ್ರ ಬಲವಂತ ಆಗೇತಿ ಅಂತ ತೋರಿಸೋರು ನೀವೇ. ಇಲ್ಲಿ ಟೈಮು ಭಾಳ ಮುಖ್ಯ. ಅವತ್ತು ಇಲ್ಲಾ ಮರುದಿನಾನೇ "ಒತ್ತಾಯದಿಂದ ಸಹಿ ಮಾಡಿಸಿಕೊಂಡಿದ್ದಾರೆ, ಇದನ್ನು ವಾಪಸ್ ತಗೋತೀನಿ" ಅಂತ ಕಂಪನಿಗೂ ಲೇಬರ್ ಆಫೀಸಿಗೂ ಬರೀರಿ. ಮೂರು ತಿಂಗಳು ಸುಮ್ನಿದ್ದು, ಫೈನಲ್ ಸೆಟಲ್‌ಮೆಂಟ್ ದುಡ್ಡೂ ತಗೊಂಡು, ಆಮೇಲೆ ಒತ್ತಾಯ ಅಂದ್ರ ಯಾರು ನಂಬ್ತಾರ ಹೇಳ್ರಿ. ಖಾಲಿ ಹಾಳಿ ಮ್ಯಾಲೆ, ಖಾಲಿ ವೋಚರ್ ಮ್ಯಾಲೆ ಸೈನ್ ಅಂತೂ ಎಂದೂ ಮಾಡಬ್ಯಾಡ್ರಿ.

"ಚಾರ್ಜ್‌ಶೀಟ್ ಕೊಟ್ಟು ಸಸ್ಪೆಂಡ್ ಮಾಡ್ಯಾರ, ಎನ್‌ಕ್ವೈರಿಗೆ ಹೋಗ್ಲೋ ಬ್ಯಾಡೋ? ಹೆಂಗೂ ತೀರ್ಮಾನ ಮೊದಲೇ ಆಗೇತಿ"

ಹೋಗ್ರಿ, ಖಂಡಿತ ಹೋಗ್ರಿ. ಮೊದಲೇ ತೀರ್ಮಾನ ಆಗಿರ್ತದ ಅನ್ನೋದು ಎಷ್ಟೋ ಕಡೆ ಖರೇನೇ, ಆದ್ರ ನೀವು ಹೋಗಲಿಲ್ಲ ಅಂದ್ರ ಅವರಿಗೆ ಇನ್ನೂ ಸಲೀಸು, ಎಕ್ಸ್‌ಪಾರ್ಟಿ, ಅಂದ್ರ ಇವನು ಬರಲೇ ಇಲ್ಲ, ಒಂದೇ ಕಡೆ ಕೇಳಿ ಮುಗಿಸೀವಿ ಅಂತ ಬರ್ಕೊಂಡು ಮುಗಿಸ್ತಾರ. ಎನ್‌ಕ್ವೈರಿಯಾಗ ನಿಮ್ಮ ಕೆಲಸ ಗೆಲ್ಲೋದಲ್ಲ, ದಾಖಲೆ ಮಾಡೋದು. ಸಾಕ್ಷಿದಾರನಿಗೆ ಪ್ರಶ್ನೆ ಕೇಳಾಕ ಬಿಡಲಿಲ್ಲ, ದಾಖಲೆ ಕೊಡಲಿಲ್ಲ, ಸಹೋದ್ಯೋಗಿನ ಸಹಾಯಕ್ಕ ಕರ್ಕೊಳ್ಳಾಕ ಬಿಡಲಿಲ್ಲ, ಕನ್ನಡದಾಗ ಓದಿ ಹೇಳಲಿಲ್ಲ, ಹಿಂಗೇನರ ಆದ್ರ ಅವತ್ತಿನ ಪ್ರೊಸೀಡಿಂಗ್ಸ್ ಮ್ಯಾಲೇ ಕನ್ನಡದಾಗ ಬರೆದು ಸೈನ್ ಹಾಕ್ರಿ. ಮುಂದ ಕೋರ್ಟಿನಾಗ ಎನ್‌ಕ್ವೈರಿ ಬಿದ್ದು ಹೋಗೋದು ಆ ಎರಡು ಸಾಲಿನಿಂದ.

ಸಸ್ಪೆಂಡ್ ಇದ್ದಾಗ ಜೀವನಾಂಶ ಬರಬೇಕು: ಮೊದಲ 90 ದಿನ ಪಗಾರದ ಅರ್ಧ, ಅದಾದ ಮ್ಯಾಲೂ ತಡ ನಿಮ್ಮಿಂದ ಆಗಿಲ್ಲಂದ್ರ ಶೇ. 75. ಎನ್‌ಕ್ವೈರಿ ಸಾಮಾನ್ಯವಾಗಿ 90 ದಿನದಾಗ ಮುಗಿಸಬೇಕು ಅಂತಾನೂ ಐತಿ.

"ತಪ್ಪೇನಿಲ್ಲ, ಆರ್ಡರ್ ಇಲ್ಲ ಅಂತ 40 ಮಂದಿನ ತೆಗೆದಾರ. ಏನೇನು ದುಡ್ಡು ಬರಬೇಕು?"

ಇದನ್ನ ರಿಟ್ರೆಂಚ್‌ಮೆಂಟ್ ಅಂತಾರ. ಒಂದು ವರ್ಷ (ಅಂದ್ರ 240 ದಿನ, ನೆಲದೊಳಗಿನ ಗಣಿಯಾಗ 190) ದುಡಿದವರಿಗೆ ಒಂದು ತಿಂಗಳ ನೋಟಿಸು ಇಲ್ಲಾ ಅದರ ಪಗಾರ, ಜೊತೆಗೆ ದುಡಿದ ಪ್ರತಿ ವರ್ಷಕ್ಕ 15 ದಿನದ ಸರಾಸರಿ ಪಗಾರ. ಇದು ಬಿಟ್ಟು ರೀ-ಸ್ಕಿಲ್ಲಿಂಗ್ ನಿಧಿ ಅಂತ ಹೊಸದಾಗಿ ಬಂದದ, ಅದರಿಂದ 15 ದಿನದ ಪಗಾರ 45 ದಿನದೊಳಗ ಖಾತೆಗೆ ಬರಬೇಕು. ಬಾಕಿ ಪಗಾರ ಎರಡು ಕೆಲಸದ ದಿನದೊಳಗ ಕೊಡಬೇಕು, ಇದು ತೆಗೆದವರಿಗೂ ಸೈ, ತಾವೇ ಬಿಟ್ಟವರಿಗೂ ಸೈ. ಗ್ರಾಚ್ಯುಟಿ ಬೇರೆ. ಬೇಸಿಕ್ ಮತ್ತು ಡಿಎ ಕೂಡಿ 13,000 ಇದ್ದು 6 ವರ್ಷ ದುಡಿದ್ರ 13,000ನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿದ್ರ 7,500, ಆರು ವರ್ಷಕ್ಕ 45,000.

300 ಇಲ್ಲಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರೋ ಫ್ಯಾಕ್ಟರಿ, ಗಣಿ ಆದ್ರ ಸರ್ಕಾರದ ಅನುಮತಿ ಇಲ್ಲದ ರಿಟ್ರೆಂಚ್ ಮಾಡಂಗಿಲ್ಲ, ನೋಟಿಸೂ ಮೂರು ತಿಂಗಳದು. ಮೊದಲು 100 ಇತ್ತು, ಅದನ್ನ 300 ಮಾಡಿದ್ದು ನಮ್ಮಂಥ ಕಡೆಗೆ ದೊಡ್ಡ ಹೊಡೆತ, ಯಾಕಂದ್ರ ನಮ್ಮ ಮಿಲ್ಲು, ಸಣ್ಣ ಪ್ಲಾಂಟುಗಳಾಗ 300 ಮಂದಿ ಮಸ್ಟರ್‌ನಾಗ ಎಲ್ಲಿ ಸಿಗ್ತಾರ. ಇನ್ನ, ಹಿಂದ ಸೇರಿದವರನ್ನ ಮೊದಲು ತೆಗೀಬೇಕು, ಒಂದು ವರ್ಷದೊಳಗ ಮತ್ತ ಮಂದಿ ಬೇಕಾದ್ರ ತೆಗೆದವರನ್ನೇ ಮೊದಲು ಕರೀಬೇಕು. ಹೊಸಬರನ್ನ ತಗೊಂಡಿದ್ದು ಕಣ್ಣಿಗೆ ಬಿದ್ರ ತಾರೀಖು ಬರೆದಿಡ್ರಿ.

"ಕೇಸ್ ಹಾಕಾಕ ಎಷ್ಟು ಟೈಮ್ ಐತಿ?"

ಮೊದಲು ಲೇಬರ್ ಆಫೀಸಿನಾಗ ರಾಜಿ ಸಂಧಾನಕ್ಕ ಅರ್ಜಿ. 45 ದಿನ ಆದ್ರೂ ಬಗೆಹರೀಲಿಲ್ಲಂದ್ರ ನೀವೇ ನೇರವಾಗಿ ಕೈಗಾರಿಕಾ ಟ್ರಿಬ್ಯುನಲ್‌ಗೆ (ಕಾರ್ಮಿಕ ವಿವಾದದ ಕೋರ್ಟಿಗೆ) ಹೋಗಬಹುದು, ಯೂನಿಯನ್ ಬೇಕಂತಿಲ್ಲ. ಹೊಸ ಸಂಹಿತೆಯಾಗ ತೆಗೆದ ದಿನದಿಂದ ಎರಡು ವರ್ಷದೊಳಗ ಹಾಕಬೇಕು, ಮೊದಲು ಮೂರು ವರ್ಷ ಇತ್ತು. ಕರ್ನಾಟಕದ ಹಳೆ ತಿದ್ದುಪಡಿಯಾಗ ಸಂಧಾನ ಇಲ್ಲದ ಸೀದಾ ಲೇಬರ್ ಕೋರ್ಟಿಗೆ ಹೋಗೋದಾದ್ರ ಬರೇ ಆರು ತಿಂಗಳು ಇತ್ತು. ಹಳೆ ಕಾನೂನೋ ಹೊಸ ಕಾನೂನೋ ಅಂತ ಲೆಕ್ಕ ಹಾಕ್ಕೋತ ಕೂಡಬ್ಯಾಡ್ರಿ, ಆರು ತಿಂಗಳೊಳಗ ಅರ್ಜಿ ಬೀಳಂಗ ನೋಡ್ಕೋರಿ, ಯಾವ ತಕರಾರೂ ಬರಂಗಿಲ್ಲ.

## ಸೇಫ್ಟಿ ವಿಚಾರ

"ಶೂ, ಹೆಲ್ಮೆಟ್ಟಿನ ದುಡ್ಡು ಪಗಾರದಾಗ ಹಿಡೀತಾರ, ಸರಿನಾ?"

ಸರಿಯಲ್ಲ. ಸುರಕ್ಷತೆಗೆ ಅಂತ ಕೊಟ್ಟಿದ್ದಕ್ಕ ಕಾರ್ಮಿಕನಿಂದ ಒಂದು ಪೈಸೆನೂ ತಗೊಳ್ಳಂಗಿಲ್ಲ.

"ಗ್ಯಾಸ್ ಇರೋ ಕಡೆ ಒಳಗ ಇಳಿ ಅಂತಾರ, ಒಲ್ಲೆ ಅಂದ್ರ ಮನಿಗೆ ಹೋಗು ಅಂತಾರ. ಒಲ್ಲೆ ಅನ್ನೋ ಹಕ್ಕು ಐತೇನು?"

ಸ್ಪಾಂಜ್ ಐರನ್, ಸ್ಟೀಲ್ ಕಡೆ ಇದು ಜೀವದ ಪ್ರಶ್ನೆ, ಅದಕ್ಕ ಸ್ವಲ್ಪ ಉದ್ದ ಹೇಳ್ತೀನಿ. ಕಲ್ಲಿದ್ದಲು ಅರೆಬರೆ ಉರಿದ್ರ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯಂಗಿಲ್ಲ. ತಲೆ ಸುತ್ತು ಬರೋ ಹೊತ್ತಿಗೆ ಕಾಲಾಗ ಶಕ್ತಿ ಇರಂಗಿಲ್ಲ, ಹತ್ತಿ ಮ್ಯಾಲೆ ಬರಾಕ ಆಗಂಗಿಲ್ಲ. ಒಳಗ ಬಿದ್ದವನ್ನ ತರಾಕ ಅಂತ ಹಂಗೇ ಇಳಿದವನೂ ಅಲ್ಲೇ ಬೀಳ್ತಾನ. ಒಬ್ಬ ಸಾಯೋ ಕಡೆ ಮೂರು ಮಂದಿ ಸಾಯೋದು ಹಿಂಗ. ಅದಕ್ಕ ಡಕ್ಟು, ಕಿಲನ್, ಟ್ಯಾಂಕು, ಬಂಕರ್ ಒಳಗ ಇಳಿಯೋಕ ಮುಂಚೆ ಆ ಲೈನ್ ಬಂದ್ ಮಾಡಿ ಬೀಗ ಹಾಕಿರಬೇಕು, ಮೀಟರ್ ಹಿಡಿದು ಗ್ಯಾಸ್ ಟೆಸ್ಟ್ ಮಾಡಿರಬೇಕು, ಟೆಸ್ಟ್ ಮಾಡಿದ ಟೈಮು ಬರೆದು ಜವಾಬ್ದಾರಿ ಅಧಿಕಾರಿ ಸೈನ್ ಹಾಕಿದ ವರ್ಕ್ ಪರ್ಮಿಟ್ ಇರಬೇಕು, ಬಾಯಿ ಹತ್ರ ಒಬ್ಬ ಕಾವಲು ನಿಂತಿರಬೇಕು, ಸೊಂಟಕ್ಕ ಬೆಲ್ಟು ಹಗ್ಗ ಇರಬೇಕು. ಬೆಳಿಗ್ಗಿನ ಪರ್ಮಿಟ್ ಮಧ್ಯಾಹ್ನ ಊಟ ಮಾಡಿ ಬಂದ ಮ್ಯಾಲೆ ನಡೆಯಂಗಿಲ್ಲ, ಮತ್ತ ಟೆಸ್ಟ್ ಆಗ್ಬೇಕು. ಬಟ್ಟಿ ಮಾಸ್ಕು ಗ್ಯಾಸಿಗೆ ಏನೇನೂ ಉಪಯೋಗ ಇಲ್ಲ.

ಕಾನೂನು ಏನ್ ಹೇಳ್ತದ ಅಂದ್ರ, ಜೀವಕ್ಕ ಇಲ್ಲಾ ಮೈಗೆ ತಕ್ಷಣದ ಅಪಾಯ ಐತಿ ಅಂತ ನ್ಯಾಯವಾಗಿ ಅನ್ನಿಸಿದ್ರ ಕಾರ್ಮಿಕ ಅದನ್ನ ಮಾಲೀಕರಿಗೆ ನೇರವಾಗಿ, ಇಲ್ಲಾ ಸೇಫ್ಟಿ ಕಮಿಟಿ ಸದಸ್ಯರ ಮೂಲಕ ತಿಳಿಸಬಹುದು, ಅದೇ ಹೊತ್ತಿಗೆ ಇನ್‌ಸ್ಪೆಕ್ಟರಿಗೂ ತಿಳಿಸಬಹುದು. ಮಾಲೀಕರು ಕೂಡಲೇ ಸರಿ ಮಾಡ್ಬೇಕು. ನನ್ನ ಸಲಹೆ: "ಒಲ್ಲೆ" ಅನ್ನಬ್ಯಾಡ್ರಿ, "ಗ್ಯಾಸ್ ಟೆಸ್ಟ್ ಮಾಡಿಸಿ ಪರ್ಮಿಟ್ ಕೊಡ್ರಿ, ಇಳೀತೀನಿ" ಅನ್ರಿ, ಅದನ್ನೇ ಗ್ರೂಪಿನಾಗ ಮೆಸೇಜ್ ಹಾಕ್ರಿ. ಮೊದಲನೇದು ಕೆಲಸಕ್ಕ ಹಟ ಮಾಡಿದ ಅಂತ ಚಾರ್ಜ್‌ಶೀಟ್ ಆಗ್ತದ, ಎರಡನೇದಕ್ಕ ಚಾರ್ಜ್‌ಶೀಟ್ ಬರೆಯೋನೇ ಎರಡು ಸಲ ವಿಚಾರ ಮಾಡ್ತಾನ.

"ಸೇಫ್ಟಿ ಕಂಪ್ಲೇಂಟ್ ಕೊಟ್ಟಿದ್ದಕ್ಕೇ ನನ್ನ ತೆಗೆದಾರ, ಆದ್ರ ಕಾಗದದಾಗ ಬೇರೆ ಕಾರಣ ಬರೆದಾರ"

ನನಗ ಬರೋ ಪ್ರಶ್ನೆಗಳಾಗ ಇದೇ ಗಟ್ಟಿ ಪ್ರಶ್ನೆ. ಯಾವ ಕಂಪನಿನೂ "ದೂರು ಕೊಟ್ಟಿದ್ದಕ್ಕೆ ತೆಗೆದಿದ್ದೇವೆ" ಅಂತ ಬರೆಯಂಗಿಲ್ಲ. ತಡವಾಗಿ ಬಂದ, ಎದುರು ಮಾತಾಡಿದ, ಪ್ರೊಡಕ್ಷನ್ ಕಡಿಮಿ, ಮೊಬೈಲ್ ಹಿಡಿದಿದ್ದ, ಇವೇ ನಾಲ್ಕೈದು ಕಾರಣ ತಿರುಗಿ ಮುರುಗಿ ಬರ್ತಾವ. ಅದಕ್ಕ ಎರಡು ತಾರೀಖನ್ನ ಎದುರುಬದುರು ಇಡಬೇಕು: ದೂರು ಕೊಟ್ಟ ತಾರೀಖು, ಮೊದಲ ಮೆಮೊ ಬಂದ ತಾರೀಖು. ಐದು ವರ್ಷ ಒಂದು ಮೆಮೊನೂ ಇಲ್ಲದವನಿಗೆ ದೂರು ಕೊಟ್ಟ ಹದಿನೈದು ದಿನದಾಗ ಮೂರು ಮೆಮೊ ಬಂದ್ರ ಆ ತಾರೀಖುಗಳೇ ಮಾತಾಡ್ತಾವ.

ಹಗೆ ಸಾಧಿಸಾಕ ತೆಗೆಯೋದು, ಸುಳ್ಳು ಕಾರಣ ಹೇಳಿ ತೆಗೆಯೋದು, ಸಣ್ಣ ತಪ್ಪಿಗೆ ಕೆಲಸಾನೇ ಕಸ್ಕೊಳ್ಳೋದು, ಇವೆಲ್ಲಾ ಅನುಚಿತ ಕಾರ್ಮಿಕ ಪದ್ಧತಿ ಅಂತ ಹಳೆ ಕಾಯ್ದೆಯಾಗೂ ಇತ್ತು, ಹೊಸ ಸಂಹಿತೆಯಾಗೂ ಐತಿ. ಆದ್ರ ಬಾಯಿಮಾತಿನ ದೂರಿಗೆ ತಾರೀಖು ಇರಂಗಿಲ್ಲ ನೋಡ್ರಿ. ಮಷೀನಿಗೆ ಗಾರ್ಡ್ (ಕೈ ಸಿಗದಂಗ ಹಾಕೋ ತಡೆ) ಇಲ್ಲ ಅಂತ ಫೋರ್‌ಮನ್‌ಗೆ ದಿನಾ ಹೇಳ್ತಿದ್ದೆ ಅಂತಾರ, ಒಂದು ಮೆಸೇಜ್ ತೋರ್ಸು ಅಂದ್ರ ಇಲ್ಲ. ದೂರು ಕೊಟ್ಟವರ ಹೆಸರು ಇನ್‌ಸ್ಪೆಕ್ಟರ್ ಹೊರಗ ಹಾಕಂಗಿಲ್ಲ ಅಂತ ಹಳೆ ಫ್ಯಾಕ್ಟರಿ ಕಾಯ್ದೆಯಿಂದಲೂ ನಿಯಮ ಐತಿ, ಆದ್ರ 30 ಮಂದಿ ಇರೋ ಮಿಲ್ಲಿನಾಗ ಯಾರು ಕೊಟ್ಟಿರಬಹುದು ಅಂತ ಮಾಲೀಕರಿಗೆ ಗೊತ್ತಾಗೇ ಆಗ್ತದ. ಹಂಗಾಗಿ ಒಬ್ಬರೇ ಕೊಡೋಕಿಂತ ಎಂಟ್ಹತ್ತು ಮಂದಿ ಕೂಡಿ ಸೈನ್ ಹಾಕಿ ಕೊಡೋದು ಯಾವಾಗ್ಲೂ ಚಲೋ.

## ಪೆಟ್ಟು, ಸಾವು, ಪರಿಹಾರ

"ಜಿನ್ನಿಂಗ್ ಮಷೀನಿನಾಗ ಹೆಬ್ಬೆರಳು ಹೋತು. ನನ್ನ ತಪ್ಪಿನಿಂದ ಆತು ಅಂತ ಬರೆಸ್ಕೊಂಡಾರ, ಪರಿಹಾರ ಸಿಗಂಗಿಲ್ಲೇನು?"

ಸಿಗ್ತದ. ಪರಿಹಾರ ಕಾನೂನಿನಾಗ ಯಾರ ತಪ್ಪು ಅಂತ ಕೇಳಂಗಿಲ್ಲ, ಕೆಲಸದಾಗ ಆತಾ ಇಲ್ಲಾ ಅಷ್ಟೇ. ಕುಡಿದಿದ್ದ, ಬೇಕಂತಲೇ ಗಾರ್ಡ್ ತೆಗೆದ, ಬೇಕಂತಲೇ ಸುರಕ್ಷತಾ ನಿಯಮ ಮುರಿದ ಅಂತ ಮಾಲೀಕರು ಸಾಬೀತು ಮಾಡಿದ್ರ ಮಾತ್ರ ತಪ್ಪಿಸ್ಕೋಬಹುದು, ಅದೂ ಸಾವು ಇಲ್ಲಾ ಪೂರ್ತಿ ಶಾಶ್ವತ ಅಂಗವಿಕಲತೆ ಆಗಿದ್ರ ನಡೆಯಂಗಿಲ್ಲ. ಅವಸರದಾಗ ಕೈ ಹೋತು ಅನ್ನೋದು ಬೇಕಂತ ಮಾಡಿದ್ದಲ್ಲ.

ಹೆಬ್ಬೆರಳು ಪೂರ್ತಿ ಹೋದ್ರ ಶೇ. 30 ಅಂತ ಕಾಯ್ದೆ ಪಟ್ಟಿಯಾಗೇ ಐತಿ. ವಯಸ್ಸು 35, ಪಗಾರ 12,000 ಅಂದ್ರ ಪಗಾರದ ಶೇ. 60, ಅಂದ್ರ 7,200, ಅದನ್ನ ಕಾಯ್ದೆ ಪಟ್ಟಿಯಾಗ ಆ ವಯಸ್ಸಿಗೆ ಕೊಟ್ಟಿರೋ ಅಂಶ (ಗುಣಿಸೋ ಸಂಖ್ಯೆ) 197.06ರಿಂದ ಗುಣಿಸಿ ಶೇ. 30 ತೆಗೆದ್ರ ಸುಮಾರು 4 ಲಕ್ಷ 25 ಸಾವಿರ. ಮಾಲೀಕರು ಆಸ್ಪತ್ರೆ ಖರ್ಚು ಹಾಕಿ ಕೈಯಾಗ 20,000 ಇಟ್ರ ದೊಡ್ಡ ಮನಸ್ಸು ಅಂತ ಕೈ ಮುಗಿಯೋರು ಈ ಲೆಕ್ಕ ಒಮ್ಮೆ ನೋಡ್ರಿ.

ಇಎಸ್ಐ ಇರೋರಿಗೆ (ಪಗಾರ 21,000ದೊಳಗ) ದಾರಿ ಬೇರೆ, ಅವರು ಮಾಲೀಕರ ಮ್ಯಾಲೆ ಹಾಕಂಗಿಲ್ಲ, ಇಎಸ್ಐ ಕಡೆಯಿಂದ ಪಗಾರದ ಸುಮಾರು ಶೇ. 90 ಬರ್ತದ, ಶಾಶ್ವತ ಆದ್ರ ಮೆಡಿಕಲ್ ಬೋರ್ಡ್ ಹೇಳಿದಷ್ಟು ಪೆನ್ಷನ್ನು. ಹತ್ತಿ ಜಿನ್ನಿಂಗ್ ಮಿಲ್ಲು ಸೀಸನ್ ಫ್ಯಾಕ್ಟರಿ ಅಂತ ಇಎಸ್ಐನಿಂದ ಹೊರಗ ಇರೋದ್ರಿಂದ ರಾಯಚೂರು ಕಡೆಯ ಮಿಲ್ಲಿನವರು ಮಾಲೀಕರಿಂದಲೇ ಕೇಳಬೇಕು. ಪರಿಹಾರದ ಅರ್ಜಿ ಎರಡು ವರ್ಷದೊಳಗ ಹಾಕ್ರಿ.

"ಅಪ್ಪ ಪ್ಲಾಂಟಿನಾಗ ತೀರಿಕೊಂಡ್ರು. 5 ಲಕ್ಷ ಕೊಟ್ಟು ಬಾಂಡ್ ಮ್ಯಾಲೆ ಸೈನ್ ಮಾಡ್ಸ್ಯಾರ, ಕೇಸ್ ಹಾಕಂಗಿಲ್ಲ ಅಂತ ಬರೆದದ"

ಆ ಬಾಂಡಿಗೆ ಬೆಲೆ ಇಲ್ಲ. ಸಾವಿನ ಪರಿಹಾರವನ್ನ ಪರಿಹಾರ ಆಯುಕ್ತರ ಹತ್ರ, ನಮ್ಮ ರಾಜ್ಯದಾಗ ಅಂದ್ರ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಾಗ, ಡಿಪಾಸಿಟ್ ಮಾಡ್ಬೇಕು. ಗೇಟಿನ ಮುಂದ ಮನಿಯವರ ಕೈಗೆ ಕೊಟ್ಟಿದ್ದು ಕಾನೂನಿನ ಲೆಕ್ಕದಾಗ ಪರಿಹಾರ ಅಲ್ಲ, ಹಕ್ಕು ಬಿಟ್ಟುಕೊಡ್ತೀನಿ ಅನ್ನೋ ಕರಾರೂ ನಿಲ್ಲಂಗಿಲ್ಲ. 30 ವರ್ಷದವರಿದ್ದು ಪಗಾರ 15,000 ಅಂತ ಹಿಡಿದ್ರ ಅದರ ಅರ್ಧ 7,500, ಅಂಶ 207.98, ಒಟ್ಟು 15,59,850. ಒಂದು ತಿಂಗಳು ದಾಟಿದ್ರ ವರ್ಷಕ್ಕ ಶೇ. 12 ಬಡ್ಡಿ, ಸರಿಯಾದ ಕಾರಣ ಇಲ್ಲದ ತಡ ಮಾಡಿದ್ರ ಶೇ. 50ರ ತನಕ ದಂಡ. ಎಫ್ಐಆರ್, ಪಂಚನಾಮೆ, ಪೋಸ್ಟ್‌ಮಾರ್ಟಮ್ ರಿಪೋರ್ಟ್ ಪ್ರತಿ ತಗೊಂಡು ಇಟ್ಕೋರಿ. ಮನಿಯಾಗ ಎದಿ ನೋವಿನಿಂದ ತೀರಿಕೊಂಡ್ರು ಅಂತ ಬರೆಸೋ ಪ್ರಯತ್ನ ಆಗ್ತಾವ, ಆ ದುಃಖದಾಗೂ ಮನಿಯವರಾಗ ಒಬ್ಬರು ಗಟ್ಟಿಯಾಗಿ ಪೊಲೀಸ್ ಸ್ಟೇಷನ್ನಿನಾಗ ಕೂಡಬೇಕು.

"ನಾ ಕಾಂಟ್ರ್ಯಾಕ್ಟರ್ ಕಡೆ ಲೇಬರ್, ಕಂಪನಿಯವರು ನಮಗೂ ನಿನಗೂ ಸಂಬಂಧಿಲ್ಲ ಅಂತಾರ"

ಪರಿಹಾರಕ್ಕ ಸಂಬಂಧ ಐತಿ. ಕಂಪನಿ ಆವರಣದಾಗ ಕಂಪನಿ ಕೆಲಸ ಮಾಡೋವಾಗ ಪೆಟ್ಟಾದ್ರ ಮುಖ್ಯ ಮಾಲೀಕರು ಕೊಡಬೇಕು, ಆಮೇಲೆ ಕಾಂಟ್ರ್ಯಾಕ್ಟರಿನಿಂದ ವಸೂಲಿ ಮಾಡ್ಕೊಳ್ಳೋದು ಅವರ ಪಾಡು. ಕಾಂಟ್ರ್ಯಾಕ್ಟರ್ ಪಗಾರ ಕೊಡದ ಓಡಿ ಹೋದ್ರೂ ಹಂಗೇ. ಕೆಲಸದಿಂದ ತೆಗೆದ ಕೇಸು ಮಾತ್ರ ಕಷ್ಟ, ಕಾಂಟ್ರ್ಯಾಕ್ಟ್ ಬರೇ ಹೆಸರಿಗೆ, ದಿನದ ಕೆಲಸ ಹೇಳೋದು, ರಜೆ ಕೊಡೋದು ಎಲ್ಲಾ ಕಂಪನಿನೇ ಅಂತ ತೋರಿಸಬೇಕು. ಕೇಸ್ ಹಾಕೋವಾಗ ಇಬ್ಬರನ್ನೂ ಪಾರ್ಟಿ ಮಾಡ್ರಿ.

"ನೈಟ್ ಶಿಫ್ಟ್ ಮುಗಿಸಿ ಬರೋವಾಗ ಬೈಕ್ ಆಕ್ಸಿಡೆಂಟ್ ಆತು"

ಮನಿಯಿಂದ ಕೆಲಸಕ್ಕ ಹೋಗೋ ಬರೋ ದಾರಿಯ ಅಪಘಾತನೂ ಹೊಸ ಸಂಹಿತೆಯಾಗ ಸೇರ್ತದ, ಆದ್ರ ಟೈಮು, ಜಾಗ, ಸಂದರ್ಭ ಕೆಲಸಕ್ಕ ಹೊಂದಬೇಕು. ಶಿಫ್ಟ್ ಮುಗಿದು ನಾಲ್ಕು ತಾಸಿನ ಮ್ಯಾಲೆ ಬೇರೆ ಊರಿನ ದಾರಿಯಾಗ ಆದ್ರ ಆಗಂಗಿಲ್ಲ.

"ಗಣಿ ಧೂಳಿನಿಂದ ದಮ್ಮು ಬಂದದ, ಟಿಬಿ ಅಂತ ಗುಳಿಗಿ ಕೊಟ್ಟಾರ"

ಕಲ್ಲು ಧೂಳಿನಿಂದ ಬರೋ ಸಿಲಿಕೋಸಿಸ್ ಎಕ್ಸ್‌ರೇಯಾಗ ಟಿಬಿ ತರಹಾನೇ ಕಾಣಬಹುದು, ಎರಡೂ ಕೂಡಿ ಬರೋದೂ ಐತಿ. ಡಾಕ್ಟ್ರ ಹತ್ರ ಹೋದಾಗ ಎಲ್ಲಿ ಎಷ್ಟು ವರ್ಷ ಡ್ರಿಲ್ಲಿಂಗ್, ಕ್ರಷರ್ ಕೆಲಸ ಮಾಡೀನಿ ಅಂತ ಹೇಳಿ ಚೀಟಿಯಾಗ ಬರೆಸ್ರಿ. ಸಿಲಿಕೋಸಿಸ್ ಪರಿಹಾರ ಕೊಡಬೇಕಾದ ಔದ್ಯೋಗಿಕ ರೋಗದ ಪಟ್ಟಿಯಾಗ ಐತಿ. ಗಣಿಯಾಗ ಮಾಡಿಸಿದ ಮೆಡಿಕಲ್ ಚೆಕಪ್ಪಿನ ರಿಪೋರ್ಟ್ ಪ್ರತಿ ಕೇಳಿ ತಗೋರಿ.

## ಕೋರ್ಟಿಗೆ ಹೋದ ಮ್ಯಾಲೆ

"ಗೆದ್ರ ಕೆಲಸ ವಾಪಸ್ ಸಿಗ್ತದಾ, ಬರೇ ದುಡ್ಡಾ?"

ಎರಡೂ ಆಗ್ತದ. ಕಾಯಂ ಕೆಲಸಗಾರನ್ನ ಅನ್ಯಾಯವಾಗಿ ತೆಗೆದಿದ್ರ ಕೆಲಸದ ಜೊತೆ ಹಿಂದಿನ ಪಗಾರ ಕೊಡೋದೇ ಸಾಮಾನ್ಯ ನಿಯಮ ಅಂತ 2013ರಾಗ ದೀಪಾಲಿ ಸುರ್ವಸೆ ಕೇಸಿನಾಗ ಸುಪ್ರೀಂ ಕೋರ್ಟ್ ಹೇಳೇತಿ, ಆದ್ರ ತೆಗೆದ ಮ್ಯಾಲೆ ಬೇರೆ ಕಡೆ ಸರಿಯಾದ ಕೆಲಸ ಇರಲಿಲ್ಲ ಅಂತ ನೀವು ಅರ್ಜಿಯಾಗೇ ಹೇಳಿರಬೇಕು. ಇದನ್ನ ಬರೆಯೋದು ಮರೆತು ಹಿಂದಿನ ಪಗಾರ ಕಳ್ಕೊಂಡೋರು ಅದಾರ. ದಿನಗೂಲಿಯವರಿಗೆ ಎಷ್ಟೋ ಸಲ ಕೆಲಸದ ಬದಲು ಒಟ್ಟು ಮೊತ್ತ ಕೊಡಿಸ್ತಾರ. ಹೊಸ ಟ್ರಿಬ್ಯುನಲ್ ಶುರು ಆಗೋತನಕ ಹಳೆ ಲೇಬರ್ ಕೋರ್ಟುಗಳೇ ನಡೆಸ್ತಾವ.

"ಸೇಫ್ಟಿ ಇಲ್ಲದ ಮಂದಿ ಸತ್ರ ಮಾಲೀಕರಿಗೆ ಜೈಲು ಆಗ್ತದೇನು?"

ನಿಯಮ ಮುರಿದಿದ್ದಕ್ಕ ಸಾವಾಗಿದ್ರ ಎರಡು ವರ್ಷದ ತನಕ ಜೈಲು, ಇಲ್ಲಾ 5 ಲಕ್ಷಕ್ಕ ಕಡಿಮಿ ಇಲ್ಲದ ದಂಡ, ಇಲ್ಲಾ ಎರಡೂ. ಗಂಭೀರ ಗಾಯ ಆದ್ರ ಒಂದು ವರ್ಷ, ಇಲ್ಲಾ 2ರಿಂದ 4 ಲಕ್ಷ ದಂಡ. ಆ ದಂಡದಾಗ ಅರ್ಧಕ್ಕ ಕಡಿಮಿ ಇಲ್ಲದಷ್ಟು ಸತ್ತವರ ಮನಿಯವರಿಗೆ, ಗಾಯಾಳುವಿಗೆ ಕೊಡ್ರಿ ಅಂತ ಕೋರ್ಟ್ ಹೇಳಬಹುದು, ಇದು ಹೊಸದಾಗಿ ಬಂದಿದ್ದು, ಕೇಳಿ ಪಡೀಬೇಕು. ಪೊಲೀಸರು ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 106 ಹಾಕ್ತಾರ, ನಿರ್ಲಕ್ಷ್ಯದಿಂದ ಸಾವು, ಅದರಾಗ ಐದು ವರ್ಷದ ತನಕ ಐತಿ. ಖರೇ ಹೇಳ್ಬೇಕಂದ್ರ ಬಹಳ ಸಲ ಎಫ್ಐಆರ್‌ನಾಗ ಬರೋದು ಶಿಫ್ಟ್ ಇನ್‌ಚಾರ್ಜ್ ಹೆಸರು.

"ವಕೀಲರಿಗೆ ಕೊಡಾಕ ರೊಕ್ಕ ಇಲ್ಲ"

ಜಿಲ್ಲಾ ಕೋರ್ಟ್ ಆವರಣದಾಗ ಕಾನೂನು ಸೇವಾ ಪ್ರಾಧಿಕಾರ ಐತಿ, ಫೋನ್ 15100. 1987ರ ಕಾಯ್ದೆ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರ. ಹೆಣ್ಮಕ್ಕಳಿಗೂ, ಎಸ್‌ಸಿ ಎಸ್‌ಟಿಯವರಿಗೂ ಹಂಗೇ. ಆದಾಯ ಪ್ರಮಾಣಪತ್ರ ತರ್ರಿ ಅಂತ ಯಾರರ ಅಂದ್ರ ಇದನ್ನ ಹೇಳ್ರಿ.

"ಗೆದ್ದೀವಿ, ಆದ್ರ ಕಂಪನಿ ಹೈಕೋರ್ಟಿಗೆ ಹೋಗೇತಿ. ಬೆಂಗಳೂರಿಗೆ ಅಡ್ಡಾಡಬೇಕೇನು?"

ಬ್ಯಾಡ. ಬಳ್ಳಾರಿ, ಕೊಪ್ಪಳದ ಕೇಸು ಧಾರವಾಡ ಪೀಠಕ್ಕ, ರಾಯಚೂರಿನದು ಕಲಬುರಗಿ ಪೀಠಕ್ಕ ಹೋಗ್ತಾವ. ಪರಿಹಾರದ ಕೇಸಾದ್ರ ಆಯುಕ್ತರು ಹೇಳಿದ ದುಡ್ಡು ಪೂರ್ತಿ ಡಿಪಾಸಿಟ್ ಮಾಡಿದ ಮ್ಯಾಲೇ ಮಾಲೀಕರ ಅಪೀಲು ತಗೊಳ್ಳೋದು, ಅದೂ ಕಾನೂನಿನ ದೊಡ್ಡ ಪ್ರಶ್ನೆ ಇದ್ರ ಮಾತ್ರ. ನೋಟಿಸ್ ಬಂದಾಗ ಮೊದಲು ಆ ಡಿಪಾಸಿಟ್ ಆಗೇತೋ ಇಲ್ಲೋ ಅಂತ ವಕೀಲರ ಕಡೆಯಿಂದ ನೋಡಿಸ್ರಿ, ಆಗಿದ್ರ ಅದರಾಗ ಸ್ವಲ್ಪನಾದ್ರೂ ಈಗಲೇ ಬಿಡುಗಡೆ ಮಾಡ್ರಿ ಅಂತ ಅವತ್ತೇ ಅರ್ಜಿ ಹಾಕಿಸ್ರಿ.